ರೊಟ್ಟಿ ಸುಡದ ಒಲೆ

ನನಗೆ ಗ್ರಾಮಸೇವಕಿಯ ನೌಕರಿ ಸಿಕ್ಕಿದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ಗಂಗಾವತಿಯ ಕಾಲುವೆ ಸೀಮೆಯಲ್ಲಿ, ಎರಡು ಹೊತ್ತೂ ಅನ್ನ ಉಣ್ಣುವ ಮನೆಯಲ್ಲಿ ಬೆಳೆದವಳು ನಾನು. ಕೆಲಸಕ್ಕೆ ಹಾಕಿದ್ದು ಯಲಬುರ್ಗಾ, ಕುಷ್ಟಗಿ ನಡುವಿನ ಒಣ ಬೇಸಾಯದ ಹಳ್ಳಿಗಳಿಗೆ. ನಮ್ಮ ಆಫೀಸು ಯಾವ ಊರಲ್ಲಿತ್ತು, ಅಲ್ಲಿ ಯಾರ್ಯಾರಿದ್ದರು ಎಂದು ಹೇಳುವುದಿಲ್ಲ. ಅವರಲ್ಲಿ ಕೆಲವರು ಈಗಿಲ್ಲ. ಇರುವವರಿಗೆ ಇದು ನೆನಪಿರಲಾರದು. ನನಗೆ ನೆನಪಿದೆ, ನೆನಪಾದಾಗಲೆಲ್ಲ ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹೊಗೆಯಿಲ್ಲದ ಒಲೆಯ ಯೋಜನೆ ಬಂತು. ಅಡುಗೆಮನೆಯ ಹೊಗೆ ಕುಡಿದು ಹೆಂಗಸರ ಕಣ್ಣು, ಎದೆ ಹಾಳಾಗುತ್ತಿವೆ, ಅವರಿಗೆ ಹೊಸ ಒಲೆ ಹಾಕಿಕೊಡಬೇಕು ಎಂಬುದು ಅದರ ಸಾರಾಂಶ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ದಿನಾ ನೋಡುತ್ತಿದ್ದೆನಲ್ಲ. ಮಣ್ಣಿನ ಚಾವಣಿಯ ಮಾಳಿಗೆ ಮನೆಗಳ ಒಳಗಿನ ಕೋಣೆಯಲ್ಲಿ, ತಲೆಯ ಮೇಲೆ ಗೇಣಗಲದ ಬೆಳಕಿಂಡಿಯೊಂದನ್ನು ಬಿಟ್ಟರೆ ಬೇರೆ ಗಾಳಿಯಿಲ್ಲ. ಹಸಿ ತೊಗರಿಕಟ್ಟಿಗೆ, ಸೆಗಣಿಯ ಕುಳ್ಳು ಉರಿಸಿ ಒಬ್ಬೊಬ್ಬ ಸೊಸೆ ಒಂದು ಹೊತ್ತಿಗೆ ಇಪ್ಪತ್ತು, ಮೂವತ್ತು ರೊಟ್ಟಿ ಬಡಿಯಬೇಕು. ಮೂವತ್ತು ವರ್ಷದ ಹೆಂಗಸರ ಕಣ್ಣು ಅರವತ್ತಾದವರ ಹಾಗೆ ಕೆಂಪಾಗಿ ನೀರಾಡುತ್ತಿದ್ದವು. ಬೆಳಗಿನ ಹೊತ್ತು ಯಾವ ಓಣಿಗೆ ಹೋದರೂ ಒಳಗಿನಿಂದ ಹೆಂಗಸರ ಕೆಮ್ಮು ಕೇಳುತ್ತಿತ್ತು. ಯಾರೂ ಅದನ್ನು ಕಾಯಿಲೆ ಎನ್ನುತ್ತಿರಲಿಲ್ಲ.

ನಮ್ಮನ್ನು ಒಂದು ವಾರ ತರಬೇತಿಗೆ ಕಳಿಸಿದರು. ಪಾತ್ರೆ ಇಡಲು ಎರಡು ಕಣ್ಣಿನ ಒಲೆ, ಹಿಂದೆ ಮಾಳಿಗೆ ತೂತು ಮಾಡಿ ಮೇಲಕ್ಕೆ ಏರಿಸುವ ಸಿಮೆಂಟಿನ ಪೈಪು, ಎಲ್ಲಕ್ಕೂ ಅಳತೆ ಬರೆದ ಒಂದು ನಕ್ಷೆ. ಇಂತಿಷ್ಟು ಒಲೆ ಈ ತಿಂಗಳು ಮುಗಿಸಬೇಕು ಎಂಬ ಗುರಿಯನ್ನೂ ಕೊಟ್ಟರು. ತರಬೇತಿ ಕೊಟ್ಟವರು ಆ ಒಲೆಯ ಮೇಲೆ ಅನ್ನ ಮಾಡಿ ತೋರಿಸಿದರು, ಬೇಳೆ ಬೇಯಿಸಿದರು. ಚಂದಾಗಿ ಬೆಂದವು. ನನಗೂ ಹಿಡಿಸಿತು. ಅನ್ನ ಉಣ್ಣುವ ಊರಿಂದ ಬಂದ ನನಗೆ ಮನಸ್ಸಿನಲ್ಲಿ ಒಂದು ಪ್ರಶ್ನೆಯೂ ಏಳಲಿಲ್ಲ. ಆ ತಪ್ಪು ನನ್ನದೂ ಹೌದು.

ಒಂದೊಂದು ಊರಲ್ಲಿ ಮನೆ ಆರಿಸಿ ಒಲೆ ಹಾಕಿದೆ. ಮುಗಿದ ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದೆ, ರಿಜಿಸ್ಟರಿನಲ್ಲಿ ಮನೆಯಾಕೆಯ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮೂರು ತಿಂಗಳು ಬಿಟ್ಟು ಅಂಥ ಒಂದು ಊರಿಗೆ ಮತ್ತೆ ಹೋದಾಗ ಮೊದಲ ಮನೆಯಲ್ಲಿ ನಾನು ಕಟ್ಟಿದ ಒಲೆಯೊಳಗೆ ಕೋಳಿ ಕಾವು ಕೂತಿತ್ತು. ಎರಡನೆಯ ಮನೆಯಲ್ಲಿ ಪೈಪು ಕಿತ್ತು ಬಚ್ಚಲ ನೀರು ಹೊರಗೆ ಹೋಗಲು ಹಾಕಿಕೊಂಡಿದ್ದರು. ಮೂರನೆಯದು ಒಬ್ಬ ವಿಧವೆಯ ಮನೆ. ಐವತ್ತರ ಆಸುಪಾಸಿನ ಹೆಂಗಸು. ಊರಿನವರ ಮನೆಗಳಿಗೆ ಒಲೆ ಹಾಕುವುದು, ಗೋಡೆಗೆ ಮಣ್ಣು ಮೆತ್ತುವುದು, ಕಾಳು ತುಂಬುವ ಮಣ್ಣಿನ ಗುಡಾಣ ಕಟ್ಟುವುದು ಅವಳ ಕಸುಬು. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಅವಳ ಮನೆಯಲ್ಲೂ ಹೊಸ ಒಲೆ ಮೂಲೆಯಲ್ಲಿ ತಣ್ಣಗೆ ಕೂತಿತ್ತು. ಪಕ್ಕದಲ್ಲಿ ಹಳೆಯ ಒಲೆ ಉರಿಯುತ್ತಿತ್ತು. ಅವಳ ಸೊಸೆ ಹೊಗೆಯೊಳಗೆ ಕೂತು ರೊಟ್ಟಿ ಬಡಿಯುತ್ತಿದ್ದಳು.

ನನಗೆ ಸಿಟ್ಟು ಬಂತು. "ನಿಮಗ ಹೊಗಿನ ಬೇಕಂದ್ರ ನಾ ಯಾಕ ಇಷ್ಟು ದೂರ ನಡಕೊಂಡು ಬರ್ಬೇಕು?" ಎಂದೆ.

ದೊಡ್ಡವ್ವ ಬೈಯಲಿಲ್ಲ. ಹಿಟ್ಟಿನ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. "ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಒಲಿ ಮ್ಯಾಗ ನೀವ ಒಂದ ರೊಟ್ಟಿ ಸುಟ್ಟು ತೋರಸ್ರಿ. ಆಮ್ಯಾಗ ನಾ ಹಳೇದನ್ನ ಒಡೀತೀನಿ."

ಸೊಸೆ ಬಡಿದುಕೊಟ್ಟ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದೆ. ಒಲೆಯ ಕಣ್ಣು ಸಣ್ಣದು, ಹಂಚು ಅಗಲ. ನಡುವೆ ಹೊತ್ತಿ ಕಪ್ಪಾಯಿತು, ಅಂಚು ಹಸಿ ಹಿಟ್ಟಾಗಿಯೇ ಉಳಿಯಿತು. ಜೋಳದ ರೊಟ್ಟಿಯನ್ನು ಹಂಚಿನಿಂದ ಎತ್ತಿದ ಮೇಲೆ ಒಲೆಯ ಬಾಯಲ್ಲಿ ಕೆಂಡಕ್ಕೆ ಆನಿಸಿ ನಿಲ್ಲಿಸಬೇಕು, ಆಗ ಅದು ಉಬ್ಬುತ್ತದೆ. ನನ್ನ ಒಲೆಯ ಬಾಯಿ ಎಷ್ಟು ಕಿರಿದೆಂದರೆ ರೊಟ್ಟಿಯ ಕಾಲು ಭಾಗವೂ ಅದಕ್ಕೆ ಎದುರಾಗಲಿಲ್ಲ. ಉದ್ದನೆಯ ಹತ್ತಿಕಟ್ಟಿಗೆ ಒಳಗೆ ಹೋಗಬೇಕಾದರೆ ಮುರಿದು ಮುರಿದು ಹಾಕಬೇಕು. ಎರಡನೆಯ ಕಣ್ಣಿಗೆ ರೊಟ್ಟಿ ಮಾಡುವವರಿಗೆ ಕೆಲಸವೇ ಇಲ್ಲ. ನಾನು ಸುಟ್ಟ ಆ ರೊಟ್ಟಿಯನ್ನು ಸೊಸೆ ಎಮ್ಮೆಗೆ ಹಾಕಿದಳು.

"ಮಳಿ ಬಂದಾಗ ಪೈಪಿನ ಗುಂಟ ನೀರು ಒಳಗ ಸುರೀತೈತ್ರಿ," ಎಂದಳು ದೊಡ್ಡವ್ವ. "ಮಾಳಿಗಿ ಒಡದು ತೂತು ಮಾಡೀರಲ್ಲ, ಅದನ್ನ ಯಾರು ಮುಚ್ಚೋರು?"

ಇಷ್ಟನ್ನು ಆ ನಕ್ಷೆ ಬರೆದವರಿಗೆ ಯಾರಾದರೂ ಹೇಳಬೇಕಿತ್ತು. ಯಾರು ಹೇಳಬೇಕು? ಅವರು ಯಾರನ್ನೂ ಕೇಳಿರಲಿಲ್ಲ. ಹೆಂಗಸರ ಎದೆ ಉಳಿಸುವ ಒಲೆಗೆ ರೊಟ್ಟಿ ಮಾಡುವ ಒಬ್ಬ ಹೆಂಗಸನ್ನೂ ಕೇಳದೆ ಅಳತೆ ಹಾಕಿದ್ದರು.

ಹದಿನೈದು ದಿನ ಬಿಟ್ಟು ಹೋದಾಗ ದೊಡ್ಡವ್ವ ನನ್ನ ಒಲೆಯನ್ನು ಒಡೆದು ಹಾಕಿದ್ದಳು. ಆ ಜಾಗದಲ್ಲಿ ಅವಳದೇ ಒಂದು ಒಲೆ ಎದ್ದಿತ್ತು. ಒಂದೇ ಕಣ್ಣು, ಹಂಚಿನಷ್ಟೇ ಅಗಲ. ಬಾಯಿ ದೊಡ್ಡದು, ಅದರ ಮುಂದೆ ಕೆಂಡ ಎಳೆದುಕೊಳ್ಳಲು ಅಂಗೈ ಎತ್ತರದ ಒಂದು ಸಣ್ಣ ಕಟ್ಟೆ. ಒಳಗಿನ ಹಿಂಬದಿ ಮೇಲಕ್ಕೆ ಏರುವ ಓರೆ, ಅದರ ತುದಿಯಲ್ಲಿ ಹೊಗೆ ಹೋಗುವ ದಾರಿ. ಸಿಮೆಂಟ್ ಪೈಪಿನ ಬದಲು ಒಡೆದ ಕೊಡಗಳ ತಳ ತೆಗೆದು ಒಂದರ ಮೇಲೊಂದು ಕೂರಿಸಿ, ಮೇಲೆ ಮಣ್ಣು ಮೆತ್ತಿ, ಗೋಡೆಗುಂಟ ಓರೆಯಾಗಿ ಬೆಳಕಿಂಡಿಗೆ ತಲುಪಿಸಿದ್ದಳು. ಮಾಳಿಗೆಗೆ ಹೊಸ ತೂತಿಲ್ಲ. ಬುಡದಲ್ಲಿ ಮಸಿ ಕೆರೆದು ತೆಗೆಯಲು ಒಂದು ಕಿಂಡಿ, ಅದಕ್ಕೆ ಮಣ್ಣಿನ ಮುಚ್ಚಳ.

"ನಿಮ್ಮ ಒಲಿಯಿಂದನ ಕಲ್ತೀನ್ರಿ," ಎಂದಳು. "ಹೊಗಿ ಹಿಂದಕ್ಕ ಎಳಿಯೂದು ಭಾಳ ಛಲೋ ಐತಿ. ಅದೊಂದ ಇಟಗೊಂಡೆ. ಉಳದದ್ದು ನಮಗ ಬ್ಯಾಡಾತು."

ಮೂರು ಸಲ ಕಟ್ಟಿ ಎರಡು ಸಲ ಒಡೆದಿದ್ದಳಂತೆ. ಮೊದಲನೆಯದು ಹೊಗೆಯನ್ನು ವಾಪಸು ತಳ್ಳಿತು. ಎರಡನೆಯದು ಹೊಗೆಯ ಜೊತೆ ಉರಿಯನ್ನೂ ಎಳೆದುಕೊಂಡಿತು, ಕಟ್ಟಿಗೆ ಸಾಲದೆ ಹೋಯಿತು. ಮೂರನೆಯದರಲ್ಲಿ ಹಿಂದಿನ ತೂತನ್ನು ಎರಡು ಬೆರಳು ಕಿರಿದು ಮಾಡಿದ ಮೇಲೆ ಸರಿಹೋಯಿತು. ನಾನು ಕೂತು ನೋಡಿದೆ. ಸೊಸೆ ಹದಿನಾರು ರೊಟ್ಟಿ ಮಾಡಿ ಮುಗಿಸುವವರೆಗೂ ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಹೊಗೆಯೇ ಇರಲಿಲ್ಲ ಎನ್ನುವುದಿಲ್ಲ. ಕಟ್ಟಿಗೆ ಹೊತ್ತಿಸುವಾಗ ಒಂದಿಷ್ಟು ಬಂತು, ಆಮೇಲೆ ಹಿಂದಕ್ಕೆ ಹೋಯಿತು. ಆ ಕೋಣೆಯ ಇನ್ನೊಂದು ಗೋಡೆಯನ್ನು ನಾನು ಅವತ್ತು ಮೊದಲ ಸಲ ಕಂಡೆ.

ಆದರೆ ದೊಡ್ಡವ್ವ ಮಾತಿನ ನಡುನಡುವೆ ಕೆಮ್ಮುತ್ತಿದ್ದಳು. ಮಣ್ಣಿನ ಬುಟ್ಟಿ ಹೊತ್ತು ನಾಲ್ಕು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಕಾಲು ಊದಿದ್ದವು. ನಾನೇ ಒತ್ತಾಯ ಮಾಡಿ ಒಂದು ದಿನ ಬಸ್ಸಿನಲ್ಲಿ ಪೇಟೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಎದೆಗೆ ನಳಿಗೆ ಇಟ್ಟು ಕೇಳಿ, ಕೈ ತೊಳೆಯುತ್ತ ಕೇಳಿದರು, "ದಿನಕ್ಕ ಎಷ್ಟ ಬೀಡಿ ಸೇದ್ತಿ?"

ದೊಡ್ಡವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು. "ಏನಂತ ಕೇಳ್ತೀರ್ರಿ ಸಾಹೇಬ್ರ? ನಮ್ಮ ಮನ್ಯಾಗ ಗಂಡಸ್ರೂ ಸೇದಿದೋರಲ್ಲ."

"ಸುಳ್ಳ ಹೇಳಬ್ಯಾಡವ್ವಾ. ಎದಿ ಹೇಳ್ತೈತಿ. ಸೇದಿ ಸೇದಿ ಹಾಳಾಗೈತಿ."

ನಾನು ಹೇಳಿದೆ, "ಡಾಕ್ಟ್ರ, ನಲವತ್ತು ವರ್ಷ ಒಲಿ ಮುಂದ ಕುಂತಾಳ. ಹೊಗಿರಿ."

ಅವರು ನನ್ನ ಕಡೆ ನೋಡಿ ನಕ್ಕರು. "ಒಲಿ ಮುಂದ ಎಲ್ಲಾ ಹೆಣ್ಣಮಕ್ಕಳು ಕುಂದ್ರತಾರ. ಎಲ್ಲಾರಿಗೂ ಹಿಂಗ ಆಗ್ಯದೇನು?"

ಎಲ್ಲರಿಗೂ ಆಗಿದೆ ಎಂದು ಅವತ್ತು ಕೂಗಿ ಹೇಳಬೇಕಿತ್ತು. ನೌಕರಿಯ ಅಂಜಿಕೆ, ಬಾಯಿ ಬರಲಿಲ್ಲ. ಒಂದು ಬಾಟಲಿ ಔಷಧಿ ಕೊಟ್ಟರು, ಚೀಟಿಯಲ್ಲಿ ಬೀಡಿ ಬಿಡಬೇಕೆಂದು ಬರೆದರು. ಬಸ್ಸಿಳಿದು ಊರಿನ ಹಾದಿ ಹಿಡಿದ ಮೇಲೆ ದೊಡ್ಡವ್ವ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ಓದಿ ಹೇಳಿದೆ. ಆ ಚೀಟಿಯನ್ನು ನನ್ನ ಕೈಯಿಂದ ಇಸಿದುಕೊಂಡು ಹರಿದು ಬೇಲಿಗೆ ಒಗೆದಳು. ಔಷಧಿ ಬಾಟಲಿಯನ್ನು ಮಾತ್ರ ಇಟ್ಟುಕೊಂಡಳು.

ಆಮೇಲೆ ಅವಳಿಗೆ ಒಂದು ಹಟ ಹಿಡಿದಂತಾಯಿತು. ಓಣಿಯ ಮನೆಮನೆಗೆ ಹೋಗಿ ಒಲೆ ಹಾಕಿಕೊಡಲು ಶುರುಮಾಡಿದಳು. ಮಣ್ಣು ಸೊಸೆ ಕಲಸುವಳು, ಕೊಡ ಸೊಸೆ ಕೂರಿಸುವಳು, ತೂತಿನ ಅಳತೆ ಮಾತ್ರ ತಾನೇ ಬೆರಳಿಟ್ಟು ನೋಡುವಳು. ಮನೆಯವರು ಕೊಟ್ಟರೆ ಒಂದು ಸೇರು ಜೋಳ, ಇಲ್ಲದಿದ್ದರೆ ಇಲ್ಲ. ಪಕ್ಕದ ಊರಿನ ಹೆಂಗಸರು ಬಂದು ನೋಡಿ ತಮ್ಮ ಊರಿಗೂ ಬಾ ಎಂದು ಕರೆದರು. ಅಷ್ಟು ದೂರ ನಡೆಯುವ ಶಕ್ತಿ ಅವಳಲ್ಲಿರಲಿಲ್ಲ.

ನಾನು ಆಫೀಸಿಗೆ ಹೋಗಿ ನನ್ನ ಮೇಲಿನ ಅಧಿಕಾರಿಯ ಮುಂದೆ ಒಂದು ಅರ್ಜಿ ಇಟ್ಟೆ. ಒಲೆಯ ಚಿತ್ರ ಬರೆದು, ಅಳತೆ ಬರೆದು, ಈ ಹೆಂಗಸಿನಿಂದ ಪ್ರತಿ ಊರಿನ ಇಬ್ಬರು ಹೆಂಗಸರಿಗೆ ಕಲಿಸಲು ಅನುದಾನ ಕೊಡಿ ಎಂದು ಕೇಳಿದ್ದೆ. ಕೊಡ ಕೊಳ್ಳುವುದು, ಅವಳನ್ನು ಗಾಡಿಯಲ್ಲಿ ಕರೆದೊಯ್ಯುವುದು, ಅವಳ ದಿನಗೂಲಿ, ಇಷ್ಟೇ. ಪೈಪುಗಳಿಗೆ ಸುರಿಯುತ್ತಿದ್ದ ಹಣದ ಮುಂದೆ ಅದು ಯಾವ ಲೆಕ್ಕವೂ ಆಗಿರಲಿಲ್ಲ.

ಅಧಿಕಾರಿ ಓದಿ ಕೇಳಿದರು, "ಈಕಿ ಎಷ್ಟನೇತ್ತ ಓದ್ಯಾಳ?"

"ಸಾಲಿಗಿ ಹೋಗಿಲ್ರಿ."

"ಮತ್ತ ಸಾಲಿ ಕಲೀದಾಕಿ ಮಂದಿಗಿ ಏನ್ ಕಲಸ್ತಾಳ? ಅನುಮೋದನೆ ಆದ ನಕ್ಷೆ ಒಂದೈತಿ. ಅದರಂಗ ಕಟ್ಟಿದ್ರ ರೊಕ್ಕ ಬರ್ತೈತಿ. ಅದನ್ನ ಬಿಟ್ಟ ಒಂದ ಬೆರಳು ಆಕಡೆ ಈಕಡೆ ಆದ್ರ ಲೆಕ್ಕಪರಿಶೋಧನೆಯವರು ನನ್ನ ಕುತ್ತಿಗಿಗಿ ಬರ್ತಾರ. ನಿಮ್ಮ ಗುರಿ ಎಲ್ಲಿಗಿ ಬಂತು, ಅದನ್ನ ಹೇಳ್ರಿ."

"ನಾ ಕಟ್ಟಿದ ಒಲಿಯೊಳಗ ಕೋಳಿ ಕುಂತಾವ್ರಿ."

"ಕುಂದ್ರಲಿ. ಗ್ವಾಡಿ ಮ್ಯಾಗ ನಂಬರ್ ಐತಿಲ್ಲ?"

ಈ ಮಾತನ್ನು ಅವರು ತಮಾಷೆಗೆ ಹೇಳಲಿಲ್ಲ. ಮುಖದಲ್ಲಿ ನಗುವಿರಲಿಲ್ಲ. ಆ ಮನುಷ್ಯ ಕೆಟ್ಟವನೂ ಅಲ್ಲ, ಲಂಚ ತಿನ್ನುವವನೂ ಅಲ್ಲ. ಅದೇ ನನಗೆ ಇವತ್ತಿಗೂ ಹೆಚ್ಚು ಸಿಟ್ಟು ತರಿಸುವ ಸಂಗತಿ.

ನಾನು ಬಿಡಲಿಲ್ಲ. ಮೇಲಿನಿಂದ ಯೋಜನೆ ನೋಡಲು ದೊಡ್ಡ ಅಧಿಕಾರಿಗಳು ಬರುತ್ತಾರೆ ಎಂದಾಗ, ಅವರನ್ನು ದೊಡ್ಡವ್ವನ ಊರಿಗೇ ಕರೆದುಕೊಂಡು ಹೋಗೋಣ ಎಂದು ಹಟ ಹಿಡಿದೆ. ಗುರಿ ಮುಗಿದ ಊರು ಅದೊಂದೇ ಆಗಿತ್ತು, ಹಾಗಾಗಿ ಒಪ್ಪಿದರು. ಜೀಪು ಬಂದಾಗ ಮಧ್ಯಾಹ್ನ. ದೊಡ್ಡವ್ವ ಬೆಳಗಿನಿಂದ ಅಡುಗೆಮನೆ ಸಾರಿಸಿ ಕಾದಿದ್ದಳು. ನನ್ನ ಅಧಿಕಾರಿಯೂ ಸೇರಿ ಮೂವರು ತಲೆ ಬಗ್ಗಿಸಿ ಒಳಗೆ ಬಂದರು. ಅವರ ಎದುರಿಗೇ ಕಟ್ಟಿಗೆ ಹೊತ್ತಿಸಿ ಸೊಸೆ ರೊಟ್ಟಿ ಬಡಿದಳು. ದೊಡ್ಡವ್ವ ಒಂದೊಂದನ್ನೇ ಕಟ್ಟೆಯ ಕೆಂಡಕ್ಕೆ ಆನಿಸಿ ಉಬ್ಬಿಸಿದಳು. ಬಿಳಿ ಅಂಗಿ ತೊಟ್ಟ ಗಂಡಸರು ಅರ್ಧ ತಾಸು ಆ ಕೋಣೆಯಲ್ಲಿ ನಿಂತರು, ಒಬ್ಬರೂ ಕರವಸ್ತ್ರ ತೆಗೆಯಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಉಂಡರು. ಭಾಳ ರುಚಿ ಎಂದರು.

ದೊಡ್ಡವ್ವ ಕೈ ಒರೆಸಿಕೊಳ್ಳುತ್ತ ಹೇಳಿದಳು, "ಸಾಹೇಬ್ರ, ಇಂಥಾದ್ದು ಎಲ್ಲಾ ಊರಿಗೂ ಆಗ್ಬೇಕ್ರಿ. ನನಗ ಅಡ್ಡಾಡಾಕ ಆಗೂದಿಲ್ಲ. ಹೆಣ್ಣಮಕ್ಕಳನ್ನ ಇಲ್ಲಿಗಿ ಕಳಸ್ರಿ, ನಾ ಕಲಸ್ತೀನಿ. ನನ್ನ ಎದಿ ಹ್ವಾತು, ಈ ನನ್ನ ಸೊಸೀದು ಹೋಗಬಾರ್ದು."

ದೊಡ್ಡ ಅಧಿಕಾರಿ ತಲೆಯಾಡಿಸಿದರು. ಒಲೆಯ ಪಕ್ಕದಲ್ಲಿ ಅವಳನ್ನು ಕೂರಿಸಿ ಫೋಟೋ ತೆಗೆಸಿದರು. ಹೋಗುವಾಗ ನನ್ನ ಕಡೆ ತಿರುಗಿ "ಗುಡ್" ಎಂದರು.

ನಾವು ಕಾದೆವು. ದೊಡ್ಡವ್ವ ಪ್ರತಿ ಸಲ ನನ್ನನ್ನು ನೋಡಿದ ಕೂಡಲೇ ಕೇಳುವಳು, "ಕಾಗದ ಬಂತೇನ್ ತಂಗಿ?" ಆ ಹೊತ್ತಿಗೆ ನಾನು ಅವಳಿಗೆ ಅಕ್ಕಾರ ಆಗಿ ಉಳಿದಿರಲಿಲ್ಲ. ಮಳೆಗಾಲ ಕಳೆಯಿತು, ಸುಗ್ಗಿ ಬಂತು. ಕಾಗದ ಬರಲಿಲ್ಲ. ಬಂದದ್ದು ಒಂದು ಅಚ್ಚಾದ ವರದಿ. ಆಫೀಸಿನ ಮೇಜಿನ ಮೇಲೆ ಬಿದ್ದಿತ್ತು, ಪುಟ ತಿರುವಿದೆ. ದೊಡ್ಡವ್ವನ ಫೋಟೋ ಇತ್ತು. ಉಬ್ಬಿದ ರೊಟ್ಟಿ, ಕೆಂಡದ ಕಟ್ಟೆ, ಹಿಂದೆ ಕೊಡಗಳ ಸಾಲು, ಎಲ್ಲ ನಿಚ್ಚಳ. ಕೆಳಗೆ ಬರೆದಿತ್ತು: ಇಲಾಖೆಯ ಅನುಮೋದಿತ ಒಲೆಯಿಂದ ಸಂತಸಗೊಂಡ ಗ್ರಾಮೀಣ ಮಹಿಳೆ.

ಅಧಿಕಾರಿಯ ಮುಂದೆ ಪುಟ ಹಿಡಿದು ಕೇಳಿದೆ, "ಇದು ನಮ್ಮ ಒಲಿ ಅಲ್ಲರಿ. ನಮ್ಮ ಒಲಿ ಒಡದು ಆಕಿ ಕಟ್ಟಿದ್ದು. ಇದನ್ನ ನೀವೂ ನೋಡೀರಿ."

"ಈಗ ಅಚ್ಚಾಗೈತಿ. ಏನ್ ಮಾಡೂನು?"

"ತಿದ್ದುಪಡಿ ಬರೀರಿ."

"ಅಕ್ಕಾರ, ಮುಂದಿನ ವರ್ಷದ ರೊಕ್ಕ ಈ ವರದಿ ಮ್ಯಾಗ ಬರೂದು. ನಿಮಗ ನೌಕರಿ ಬೇಕೋ ಬ್ಯಾಡೋ?"

ಮುಂದಿನ ವರ್ಷದ ಹಣ ಬಂತು. ಲಾರಿಯಲ್ಲಿ ಮತ್ತೆ ಸಿಮೆಂಟ್ ಪೈಪುಗಳು ಬಂದವು. ಅವಳ ಒಲೆ ತೋರಿಸಿ, ಅವಳು ಒಡೆದು ಹಾಕಿದ ಒಲೆಗೆ ಹಣ ತಂದಿದ್ದರು. ಇದಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಳವು ಎಂದರೆ ಕಾನೂನು ಒಪ್ಪುವುದಿಲ್ಲ, ಏಕೆಂದರೆ ಮಣ್ಣು ಮೆತ್ತುವ ಹೆಂಗಸಿನ ತಲೆಯೊಳಗೆ ಹುಟ್ಟಿದ್ದು ಯಾವ ಕಾಗದದಲ್ಲೂ ಇರಲಿಲ್ಲ. ಇದ್ದ ಒಂದೇ ಕಾಗದ ನನ್ನ ಅರ್ಜಿ. ಅದು ಯಾವ ಕಡತದಲ್ಲಿ ಸೇರಿಹೋಯಿತೋ ಯಾರಿಗೂ ಸಿಗಲಿಲ್ಲ.

ದೊಡ್ಡವ್ವನಿಗೆ ಹೇಳಲೇಬೇಕಿತ್ತು. ಹೇಳಿದೆ. ಆ ವೇಳೆಗೆ ಅವಳು ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಪೂರಾ ಕೇಳಿಸಿಕೊಂಡು, "ಫೋಟೋದಾಗ ಸೊಸಿ ಬಂದಾಳೇನು?" ಎಂದಳು. ಇಲ್ಲ ಎಂದೆ. "ಆಕೀದೂ ತಗೀಬೇಕಿತ್ತು. ರೊಟ್ಟಿ ಬಡದಾಕಿ ಆಕಿ," ಎಂದಳು. ಅವಳ ಮುಂದೆ ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. "ಅಳಬ್ಯಾಡ ತಂಗಿ. ಆ ಡಾಕ್ಟ್ರು ನನಗ ಬೀಡಿ ಸೇದಾಕಿ ಅಂದ, ಇವ್ರು ಇದನ್ನಂದ್ರು. ಅಂದವರ ಬಾಯಿ ಹಿಡಿಯಾಕ ಆಗತೈತೇನು?"

ನಾನು ಪೈಪು ಹಾಕುವುದನ್ನು ನಿಲ್ಲಿಸಿದೆ. ಎರಡು ತಿಂಗಳು ಗುರಿ ಸೊನ್ನೆ. ದಾಸ್ತಾನಿನ ಪೈಪು ಯಾಕೆ ಖರ್ಚಾಗಿಲ್ಲ ಎಂದು ಮೆಮೋ ಬಂತು. ಉತ್ತರದಲ್ಲಿ ನಡೆದದ್ದನ್ನೆಲ್ಲ ಬರೆದೆ. ಅದಕ್ಕೆ ಉತ್ತರವಾಗಿ ಬಂದದ್ದು ಕನಕಗಿರಿ ಕಡೆಗೆ ವರ್ಗಾವಣೆ. ಹೊಸ ಊರಿಗೆ ಹೋಗಿ ಆರು ತಿಂಗಳಿಗೆ ದೊಡ್ಡವ್ವ ತೀರಿಹೋದ ಸುದ್ದಿ ತಿಳಿಯಿತು. ಮಣ್ಣಿಗೆ ಹೋಗಲಾಗಲಿಲ್ಲ. ಸುದ್ದಿ ಮುಟ್ಟಿದ್ದೇ ಎಂಟು ದಿನ ತಡವಾಗಿ. ಅವಳು ಕಟ್ಟಿದ ಒಲೆ ಸೊಸೆಯ ಎದೆಯನ್ನು ಉಳಿಸಿರಬಹುದು, ಅವಳದನ್ನು ಉಳಿಸುವಷ್ಟು ಮೊದಲೇ ಬಂದಿರಲಿಲ್ಲ.

ಕನಕಗಿರಿ ಕಡೆ ನಾನು ರಜಾ ದಿನಗಳಲ್ಲಿ ನನ್ನ ಕೈಯಿಂದಲೇ ಆ ಒಲೆ ಕಟ್ಟಲು ಹೋದೆ. ಅಳತೆ ಎಲ್ಲ ಬರೆದುಕೊಂಡಿದ್ದೆ. ಆದರೂ ಮೊದಲಿನವು ಹೊಗೆ ಕಾರಿದವು. ಮನೆಯಾಕೆಯ ಮುಂದೆ ನಾಚಿಕೆಯಾಯಿತು. ಬರೆದುಕೊಂಡ ಅಳತೆ ಬೇರೆ, ಮಣ್ಣು ಒಣಗಿದ ಮೇಲೆ ತೂತು ಎಷ್ಟು ಹಿಗ್ಗುತ್ತದೆ ಎಂದು ದೊಡ್ಡವ್ವನ ಬೆರಳಿಗೆ ಗೊತ್ತಿದ್ದದ್ದು ಬೇರೆ. ಅದನ್ನು ಕಲಿಸಬೇಕಾದವಳು ಅವಳು. ಇಪ್ಪತ್ತು ಹೆಂಗಸರನ್ನು ಒಂದು ವಾರ ಅವಳ ಅಂಗಳದಲ್ಲಿ ಕೂರಿಸಿದ್ದರೆ ಆ ಇಪ್ಪತ್ತು ಜನರ ಕೈಯಲ್ಲಿ ಅದು ಉಳಿಯುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಅವಳ ಸೊಸೆ ಸಿಕ್ಕಳು. ನಾನು ಗುರುತು ಹಿಡಿಯುವ ಮೊದಲೇ ಬಂದು ಕೈ ಹಿಡಿದಳು. ತವರೂರು ತಾವರಗೇರಾ ಕಡೆಯದು, ಅಲ್ಲಿಂದಲೇ ವಾಪಸು ಬರುತ್ತಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು.

"ಅಣ್ಣನ ಮನಿಗಿ ಒಲಿ ಹಾಕಿ ಬಂದೆ ಅಕ್ಕಾರ," ಎಂದಳು. "ನಮ್ಮ ವೈನಿ ಕೆಮ್ಮಾಕ ಹತ್ತಿದ್ಲು. ಬಾಜೂ ಮನ್ಯಾಗ ಇಬ್ರು ನಮಗೂ ಹಾಕು ಅಂದ್ರು. ಅವರಿಗೂ ಹಾಕೀನಿ."

"ಛಲೋ ಹೊಗಿ ಎಳೀತಾವೇನು?"

"ಎಳೀತಾವ್ರಿ. ಅತ್ತಿ ನನ್ನ ಬೆರಳ ಹಿಡದ ಕಲಸ್ಯಾಳಲ್ಲ." ನಕ್ಕಳು. ಅವಳು ಕೆಮ್ಮಲಿಲ್ಲ. ಅಷ್ಟು ಹೊತ್ತು ಮಾತಾಡಿದರೂ ಒಮ್ಮೆಯೂ ಕೆಮ್ಮಲಿಲ್ಲ, ಅದನ್ನು ನಾನು ಗಮನಿಸಿದೆ.

ನನಗೆ ಸಂತೋಷ ಆಗಬೇಕಿತ್ತು. ಒಂದಿಷ್ಟು ಆಯಿತು ಕೂಡ. ಆದರೆ ಅವಳ ಬಸ್ಸು ಹೊರಟ ಮೇಲೆ ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಸಿಟ್ಟಿನಿಂದ ಕುದಿದೆ. ಮೂರು ಮನೆ. ಒಬ್ಬ ಹೆಣ್ಣುಮಗಳು ತವರಿಗೆ ಹೋದಾಗ, ಸ್ವಂತ ಬಸ್ ಚಾರ್ಜು ಕೊಟ್ಟುಕೊಂಡು, ತನ್ನ ಕೈ ಮಣ್ಣು ಮಾಡಿಕೊಂಡು, ಮೂರು ಮನೆ. ಸರ್ಕಾರಕ್ಕೆ ಲಾರಿ ಇತ್ತು, ಜೀಪಿತ್ತು, ಪೈಪು ಕೊಳ್ಳಲು ಹಣವಿತ್ತು, ನನ್ನಂಥ ಸಂಬಳದ ಹೆಂಗಸರು ಹಳ್ಳಿಹಳ್ಳಿಗೂ ಇದ್ದರು. ಕೊಪ್ಪಳ, ಯಲಬುರ್ಗಾ, ಕುಷ್ಟಗಿಯ ಎಲ್ಲ ಅಡುಗೆಮನೆಗಳಲ್ಲಿ ಅವತ್ತೂ ಹೆಂಗಸರು ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದರು. ಅವರಿಗೆ ಬೇಕಾದದ್ದನ್ನು ಒಬ್ಬಳು ಮಾಡಿ ತೋರಿಸಿದ್ದಳು, ನೋಡಬೇಕಾದವರು ಬಂದು ನೋಡಿದ್ದರು, ಉಂಡು ಕೈ ತೊಳೆದುಕೊಂಡು ಹೋಗಿದ್ದರು.